ಮಾವನ ಹತ್ತು ರೂಪಾಯಿ ಮತ್ತು ನನ್ನ ಸೋಪು

ನೋಟು ನೋಡುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ನನಗಿದೆ. ಜಂಭದಿಂದ ಹೇಳುತ್ತಿಲ್ಲ, ತಕ್ಕಮಟ್ಟಿನ ವಿನಯದಿಂದಲೇ ಹೇಳುತ್ತಿದ್ದೇನೆ. ಹತ್ತು ರೂಪಾಯಿ ನೋಟು ಕೈಗೆ ಬಂದರೆ ನಿಮಗೆ ಕಾಣುವುದು ಒಂದು ಲೋಟ ಟೀ. ನನಗೆ ಕಾಣುವುದು ಗವರ್ನರ್ ಸಾಹೇಬರ ಸಹಿ, ಹಿಂಬದಿಯಲ್ಲಿ ಅಚ್ಚಾದ ಇಸವಿ, ಸಂಖ್ಯೆಯ ಹಿಂದೆ ಮಸುಕಾಗಿ ಅಡಗಿ ಕೂತ ಒಂದು ಇಂಗ್ಲಿಷ್ ಅಕ್ಷರ. ಸಹಿ ಅದೇ, ಇಸವಿ ಅದೇ ಇದ್ದು ಆ ಅಕ್ಷರವೊಂದು ಬೇರೆಯಾದರೆ ಸಾಕು, ಸಂಗ್ರಹ ಮಾಡುವವರ ಪಟ್ಟಿಯಲ್ಲಿ ಅದು ಬೇರೆಯೇ ನೋಟು!

"ಎಲ್ಲಾ ಹತ್ತೇ ರೂಪಾಯಿ ತಾನೆ? ಸೊಪ್ಪಿನೋಳು ಅಕ್ಷರ ನೋಡಿ ಒಂದು ಕಟ್ಟು ಜಾಸ್ತಿ ಕೊಟ್ಟಾಳಾ?" ಎಂದು ನನ್ನ ಹೆಂಡತಿ ಭಾಗ್ಯ ಕೇಳುತ್ತಾಳೆ. ಇಂಥ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ನಾನು ಶ್ರೀರಂಗಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಬಾಬುರಾಯನಕೊಪ್ಪಲಿನಲ್ಲಿ. ನೋಟಿನ ಹುಚ್ಚು ಹಿಡಿಸಿದವನು ಪಾಂಡವಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಗೆಳೆಯ ಚೆಲುವರಾಜು. ಹುಲಿ, ಆನೆ, ಘೇಂಡಾಮೃಗದ ಚಿತ್ರವಿರುವ ಹಳೇ ಹತ್ತರ ನೋಟಿನಲ್ಲಿ ನನ್ನ ಆಲ್ಬಮ್ಮಿಗೆ ಒಂದೇ ಒಂದು ಬಗೆ ಬಾಕಿ ಇತ್ತು. ಅದೇ ಸಹಿ, ಅದೇ ಇಸವಿ, ಆದರೆ 'ಆರ್' ಅಕ್ಷರ. ಚೆಲುವರಾಜು ಹತ್ತಿರವೂ ಅದು ಇರಲಿಲ್ಲ. ಅವನಿಗಿಂತ ಮುಂಚೆ ಸಿಗಬೇಕು ಎನ್ನುವುದೇ ನನ್ನ ಜೀವನದ ಗುರಿಯಾಗಿತ್ತು.

ಸಿಕ್ಕಿತು! ಎಲ್ಲಿ? ನಮ್ಮದೇ ದೇವರ ಗೂಡಿನಲ್ಲಿ. ಗೌರಿ ಹಬ್ಬಕ್ಕೆ ಇನ್ನೇನು ಒಂದು ವಾರವಿತ್ತು. ಪಿನ್ನು ಹುಡುಕುತ್ತಾ ಭಾಗ್ಯಳ ಕುಂಕುಮದ ಡಬ್ಬಿ ತೆರೆದೆ. ತಳದಲ್ಲಿ ಮಡಚಿಟ್ಟ ಹತ್ತರ ನೋಟು. ಅಭ್ಯಾಸಬಲದಿಂದ ಮಸೂರ ಹಿಡಿದೆ. ಸಂಖ್ಯೆಯ ಹಿಂದೆ 'ಆರ್' ನನ್ನನ್ನೇ ನೋಡಿ ನಗುತ್ತಿತ್ತು. ಒಂದು ಮೂಲೆಯಲ್ಲಿ ಹಳದಿ ಕಲೆ ಇತ್ತು. ಆ ಅಕ್ಷರದ ಮುಂದೆ ಕಲೆಯನ್ನು ನೋಡುವ ವ್ಯವಧಾನ ಯಾರಿಗಿತ್ತು?

ಆ ನೋಟು ಯಾವುದೆಂದು ನನಗೆ ಗೊತ್ತಿತ್ತು. ನನ್ನ ಮಾವ ಕೆ.ಆರ್. ಪೇಟೆ ಕಡೆಯ ರೈತರು. ಪ್ರತಿ ಗೌರಿ ಹಬ್ಬಕ್ಕೆ ಬಸ್ಸು ಹತ್ತಿ ಬಂದು, ಅರಿಶಿನ ಮುಟ್ಟಿದ ಕೈಯಿಂದ ಮಗಳಿಗೆ ಬಳೆಗೆಂದು ಹತ್ತು ರೂಪಾಯಿ ಕೊಡುತ್ತಿದ್ದರು. ಕಡೆಯ ಸಲ ಕೊಟ್ಟ ನೋಟನ್ನು ಭಾಗ್ಯ ಖರ್ಚು ಮಾಡಲಿಲ್ಲ. ಅವರು ತೀರಿಹೋದ ಮೇಲೆ ಪ್ರತಿ ಹಬ್ಬದ ಬೆಳಿಗ್ಗೆ ಅದನ್ನು ಕಣ್ಣಿಗೊತ್ತಿಕೊಂಡು ಬಾಗಿನದ ಮೊರದಲ್ಲಿಟ್ಟು, ಪೂಜೆಯಾದ ಮೇಲೆ ಮತ್ತೆ ಡಬ್ಬಿಗೆ ಸೇರಿಸುತ್ತಾಳೆ.

ಹಾಗಾದರೆ ಮುಟ್ಟಬಾರದಿತ್ತು ಎನ್ನುತ್ತೀರಿ. ಸರಿ. ಆದರೆ ನನ್ನ ತರ್ಕವನ್ನೂ ಕೇಳಿ. ನನ್ನಲ್ಲಿ ಅದೇ ಸಹಿಯ, ಅದೇ ಇಸವಿಯ ಗರಿಗರಿ ನೋಟಿತ್ತು. ಅಕ್ಷರವೊಂದು ಬಿಟ್ಟು ಇನ್ನೆಲ್ಲವೂ ಒಂದೇ. ಅದನ್ನು ಡಬ್ಬಿಗಿಟ್ಟು ಇದನ್ನು ತೆಗೆದುಕೊಂಡರೆ ಅವಳಿಗೂ ಹೊಸ ನೋಟು, ನನಗೂ ಹೊಸ ಬಗೆ. ಒಂದಕ್ಷರದ ವ್ಯತ್ಯಾಸ ಭಾಗ್ಯಳಿಗೆ ಎಲ್ಲಿ ಗೊತ್ತಾಗಬೇಕು! ನೋಟು ಬದಲಾಯಿಸಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಚೆಲುವರಾಜು ಮುಂದೆ ಕಲೆಯಾದ ನೋಟು ಹಿಡಿಯುವುದು ಹೇಗೆ? ಭಾಗ್ಯ ಹಬ್ಬದ ಸಾಮಾನಿಗೆ ಪೇಟೆಗೆ ಹೋದಾಗ ಬಚ್ಚಲಿಗೆ ಹೋಗಿ, ಬಟ್ಟೆ ಸೋಪನ್ನು ಕಲೆಯ ಮೇಲೆ ಮೃದುವಾಗಿ, ಅತ್ಯಂತ ವೈಜ್ಞಾನಿಕವಾಗಿ ಸವರಿದೆ.

ಹಳದಿ ಕಲೆ ರಕ್ತದ ಹಾಗೆ ಕೆಂಪಾಯಿತು!

ಅರಿಶಿನಕ್ಕೆ ಸೋಪು ತಗುಲಿದರೆ ಕೆಂಪಾಗುತ್ತದೆ. ಇದನ್ನು ನಾನು ಪ್ರತಿವರ್ಷ ಮಕ್ಕಳಿಗೆ ಮಾಡಿ ತೋರಿಸಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತೇನೆ. ಬಚ್ಚಲಲ್ಲಿ ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಅದೇ ಪಾಠದ ಮುಂದಿನ ಭಾಗ ನೆನಪಾಯಿತು: ಹುಳಿ ಹಾಕಿದರೆ ಮತ್ತೆ ಹಳದಿ. ಅಡುಗೆಮನೆಗೆ ಓಡಿ ನಿಂಬೆಹಣ್ಣು ಹಿಂಡಿದೆ. ಹಳದಿಯಾಯಿತು, ಖಂಡಿತ ಆಯಿತು. ಮೂಲೆಯಲ್ಲಿದ್ದ ಕಲೆ ಈಗ ಹುಲಿ, ಆನೆ, ಘೇಂಡಾಮೃಗ ಎಲ್ಲಕ್ಕೂ ಹಂಚಿಕೆಯಾಗಿತ್ತು. ಬಿಸಿಲಿಗೆ ಅರಿಶಿನ ಮಾಸುತ್ತದೆ ಎಂಬುದು ನನ್ನ ಕಡೆಯ ಅಸ್ತ್ರ. ಮಹಡಿ ಮೇಲೆ, ನನ್ನ ಬನಿಯನ್ನಿನ ಪಕ್ಕ, ನೋಟಿಗೆ ಕ್ಲಿಪ್ಪು ಹಾಕಿ ನೇತುಹಾಕಿದೆ.

ಪಕ್ಕದ ಮನೆಯ ನಿಂಗಮ್ಮ ಹಪ್ಪಳ ಒಣಗಿಸಲು ಅವರ ಮಹಡಿಗೆ ಬಂದವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ ಮೇಷ್ಟ್ರೇ, ಹಬ್ಬುಕ್ಕೆ ದುಡ್ಡೂ ಒಗ್ದಾಕ್ತಾ ಇದ್ದೀರಾ?"

"ಪ್ರಯೋಗ ಕಣಮ್ಮ."

"ಪಿಂಕ್ ನೋಟೇನಾರಾ ಇದ್ರೆ ಬೇರೆ ಒಗೀರಿ, ಬಣ್ಣ ಬುಟ್ಟಾತು."

ಎರಡು ದಿನದ ಬಿಸಿಲಿಗೆ ಕಲೆ ಸಂಪೂರ್ಣ ಹೋಯಿತು. ಇಸ್ತ್ರಿ ಹಾಕಿದೆ. ನೋಟು ಬೆಳ್ಳಗೆ, ಸಪ್ಪಗೆ, ಜ್ವರದಿಂದ ಎದ್ದವರ ಹಾಗೆ ಕಂಡಿತು. ಹಬ್ಬದ ಹಿಂದಿನ ದಿನ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಗೆದ್ದವನ ಠೀವಿಯಲ್ಲಿ ಪಾಂಡವಪುರದ ಬಸ್ಸು ಹತ್ತಿದೆ.

ಚೆಲುವರಾಜು ನೋಟನ್ನು ಬೆಳಕಿಗೆ ಹಿಡಿದ. ಮೂಸಿದ. ಮತ್ತೊಮ್ಮೆ ಮೂಸಿದ.

"ಮೇಷ್ಟ್ರೇ, ಇದ್ನ ತೊಳ್ದಿದ್ದೀರಾ?"

"ಸ್ವಲ್ಪ."

"ಅಯ್ಯೋ ನಿಮ್ಮ! ನೋಟ್ನ ತೊಳ್ದ್ಬುಟ್ರೆ ಇನ್ನೇನದೆ ಅದ್ರಲ್ಲಿ? ಕೊಳೆ ಇದ್ರೂ ಇಟ್ಕತೀವಿ, ಹರ್ದೋಗಿದ್ರೂ ಇಟ್ಕತೀವಿ. ತೊಳ್ದಿದ್ನ ಇಟ್ಕಳಲ್ಲ ಕನ. ನಿಂಬೆಹಣ್ಣಿನ್ ವಾಸ್ನೆ ಬೇರೆ! ಉಪ್ಪಿನ್ಕಾಯಿ ಆಕಿದ್ರಾ?"

ವಾಪಸು ಬರುವಾಗ ಬಸ್ಸಿನಲ್ಲಿ ಸಮಾಧಾನ ಮಾಡಿಕೊಂಡೆ. ಹೋದರೆ ಹೋಗಲಿ, ಭಾಗ್ಯಳಿಗೆ ಗೊತ್ತಿಲ್ಲವಲ್ಲ. ಮನೆಗೆ ಬಂದರೆ ಅವಳು ಬಾಗಿನದ ಮೊರಗಳಿಗೆ ಅರಿಶಿನ ಬಳಿಯುತ್ತಿದ್ದಳು.

"ರೀ, ನಾಳೆ ಬೇಗ ಏಳಿ. ಮೊದ್ಲು ಅಪ್ಪನ್ ಹೆಬ್ಬೆಟ್ಟು ನೋಡ್ಬೇಕು ನಾನು."

"ಯಾವ ಹೆಬ್ಬೆಟ್ಟು?"

"ನೋಟಿನ್ ಮೇಲೆ ಅರಿಶಿಣದ್ದು. ಫೋಟೋದಲ್ಲಿ ಅಪ್ಪ ಅಪ್ಪನ್ ಥರಾನೇ ಇಲ್ಲ ಕಣ್ರೀ, ಸ್ಟುಡಿಯೋದವ್ನು ಕೋಟು ಆಕ್ಬುಟ್ಟವ್ನೆ. ಆ ಹೆಬ್ಬೆಟ್ಟು ನೋಡುದ್ರೆ ಮಾತ್ರ ಅಪ್ಪ ಬಂದಂಗಾಯ್ತದೆ."

ನಾನು ಸೋಪು ಹಚ್ಚಿ ತೊಳೆದಿದ್ದು ಕಲೆಯನ್ನಲ್ಲ. ನನಗೆ ಹೆಣ್ಣು ಕೊಟ್ಟು, ಪ್ರತಿ ಸಂಕ್ರಾಂತಿಗೆ ಬೆಲ್ಲ ಹೊತ್ತು ತಂದು ಕೊಡುತ್ತಿದ್ದ ಮನುಷ್ಯನ ಕೈಯನ್ನು! ನಾಚಿಕೆಯಾಯಿತು, ಭಯವೂ ಆಯಿತು. ಹೇಳಿಬಿಡಬೇಕಿತ್ತು. ಬದಲಿಗೆ ನಾನು ಮಾಡಿದ್ದು ಇನ್ನೊಂದು ಪ್ರಯೋಗ. ಅವಳು ಹೂ ಕಟ್ಟಲು ಹೊರಗೆ ಕೂತಾಗ ದೇವರ ಗೂಡಿನ ಮುಂದೆ ನಿಂತು, ಹೆಬ್ಬೆರಳಿಗೆ ಅರಿಶಿನ ಮೆತ್ತಿಕೊಂಡು, ಕಲೆಯಿದ್ದ ಮೂಲೆಗೇ ಒತ್ತಿದೆ. ದುಂಡಗೆ, ಸ್ಪಷ್ಟವಾಗಿ ಬಂತು. ಗರಿಗರಿ ನೋಟು ತೆಗೆದು ಇದನ್ನು ಡಬ್ಬಿಗಿಟ್ಟೆ. ನಕಲಿ ನೋಟು ಮಾಡುವವರನ್ನು ಹಿಡಿಯುತ್ತಾರೆ. ಅಸಲಿ ನೋಟನ್ನೇ ನಕಲಿ ಮಾಡಿದವನು ಬಹುಶಃ ನಾನೊಬ್ಬನೇ.

ಬೆಳಿಗ್ಗೆ ಭಾಗ್ಯ ಹೊಸ ಸೀರೆಯುಟ್ಟು ಡಬ್ಬಿ ತೆರೆದಳು. ನೋಟನ್ನು ಕಣ್ಣಿನ ತನಕ ತಂದವಳು ಅಲ್ಲೇ ನಿಲ್ಲಿಸಿದಳು.

"ಇದು ಯಾರ ಹೆಬ್ಬೆಟ್ಟು?"

"ಮಾವಂದು..."

"ಅಪ್ಪನ್ಗೆ ಹೆಬ್ಬೆಟ್ಟಿನ್ ತುದಿ ಎಲ್ಲಿತ್ತು ಕಣ್ರೀ? ಆಲೆಮನೆ ಗಾಣುಕ್ಕೆ ಸಿಕ್ಕಿ ಹೋಗಿತ್ತಲ್ಲ! ಅವ್ರ್ ಒತ್ತಿದ್ದು ಅರ್ಧವೇ ಬೀಳ್ತಿತ್ತು."

ಸಂಖ್ಯೆಯ ಹಿಂದೆ ಅಡಗಿದ ಅಕ್ಷರ ಕಾಣುವ ಈ ಕಣ್ಣಿಗೆ, ಮದುವೆ ಮಂಟಪದಲ್ಲಿ ನನ್ನ ಕಾಲು ತೊಳೆದ ಕೈಯಲ್ಲಿ ಅರ್ಧ ಬೆರಳು ಇಲ್ಲದ್ದು ಕಂಡಿರಲಿಲ್ಲ! ಸೋಪು, ನಿಂಬೆಹಣ್ಣು, ಕ್ಲಿಪ್ಪು, ಪಾಂಡವಪುರ ಎಲ್ಲವನ್ನೂ ಹೇಳಿದೆ. ಅವಳು ಗೋಡೆ ಕಡೆ ತಿರುಗಿ ಅತ್ತಳು. ನನಗೂ ಅಳು ಬಂತು. ಮುಚ್ಚಿಡುವುದೇಕೆ, ಜೋರಾಗಿಯೇ ಬಂತು.

ಕೊನೆಗೆ ಅವಳೇ ಮೂಗು ಒರೆಸಿಕೊಂಡಳು. "ಬನಿಯನ್ ಪಕ್ಕುದಲ್ಲಿ ನೇತಾಕಿದ್ರಾ ಅಪ್ಪನ್ನ?" ಎಂದು ಕೇಳಿದವಳಿಗೆ ಅಳುವಿನ ನಡುವೆಯೇ ನಗು ಬಂತು. "ಅಪ್ಪ ಇದ್ದಿದ್ರೆ, ಓಗ್ಲಿ ಬುಡವ್ವ, ಮೇಷ್ಟ್ರಲ್ವಾ, ಅವ್ರಿಗೇನ್ ಗೊತ್ತಾಯ್ತದೆ ಅನ್ನೋರು."

ಆಮೇಲೆ ನೋಟನ್ನು ಕೈಗೆತ್ತಿಕೊಂಡು ನನ್ನ ಹೆಬ್ಬೆಟ್ಟಿನ ಗುರುತಿನ ಸರಿ ಮಧ್ಯಕ್ಕೆ ಮಡಚಿದಳು. ದುಂಡಗಿನ ತುದಿ ಒಳಗೆ ಹೋಯಿತು. ಹೊರಗೆ ಅರ್ಧವೇ ಉಳಿಯಿತು. ಅದನ್ನು ಸ್ವಲ್ಪ ಹೊತ್ತು ನೋಡಿ, ಕಣ್ಣಿಗೊತ್ತಿಕೊಂಡು ಮೊರದಲ್ಲಿಟ್ಟಳು.

ಆ ನೋಟು ಈಗ ಕುಂಕುಮದ ಡಬ್ಬಿಯಲ್ಲಿದೆ. ನನ್ನ ಆಲ್ಬಮ್ಮಿನಲ್ಲಿ 'ಆರ್' ಅಕ್ಷರದ ಜಾಗ ಖಾಲಿಯೇ ಇದೆ. ಕೆಳಗೆ ಚೀಟಿಯಲ್ಲಿ, ಸಂಗ್ರಹ ಮಾಡುವವರ ನಿಯಮದಂತೆ, ನೋಟಿನ ದರ್ಜೆ ಬರೆದಿದ್ದೇನೆ: "ನೋಟು ಉತ್ತಮ. ಸಂಗ್ರಹಕಾರ ತೀರಾ ಕಳಪೆ."