ಇಂಡೋನೇಷ್ಯಾದ ಕೋಸಂಬರಿಗೆ ಉಪ್ಪು ಯಾರು ಹಾಕಬೇಕು

ನೆನಪಿಗೆ ಒಂದು ಕೆಟ್ಟ ಅಭ್ಯಾಸವಿದೆ. ನಾವು ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚು ಒಳ್ಳೆಯವರಾಗಿದ್ದೆವು ಎಂದೇ ಅದು ಯಾವಾಗಲೂ ಸಾಕ್ಷಿ ಹೇಳುತ್ತದೆ. ಶಿಕಾರಿಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಆಧಾರವಿಲ್ಲದೆ ಯಾರ ಮಾತನ್ನೂ ಒಪ್ಪಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ, ಕೊನೆಗೆ ನನ್ನ ಮಾತನ್ನೇ ನಾನು ಒಪ್ಪದ ಸ್ಥಿತಿಗೆ ಬಂದಿದ್ದೇನೆ. ಆ ಕಾರಣಕ್ಕೇ ದಿನಚರಿ ಬರೆಯುತ್ತೇನೆ. ಆದರೆ ಬರೆದದ್ದನ್ನು ತಿರುಗಿ ಓದುವ ಅಭ್ಯಾಸವಿಲ್ಲ. ಮಾತ್ರೆ ತಂದು ಗೂಡಿನಲ್ಲಿಟ್ಟು, ಔಷಧಿ ಶುರು ಮಾಡಿದ್ದೇನೆ ಎಂದು ನಂಬಿಕೊಂಡವರ ಹಾಗೆ.

ಈಚೆಗೆ ಒಂದು ಮಹಿಳಾ ದಿನಾಚರಣೆಗೆ ನನ್ನನ್ನು ಭಾಷಣಕ್ಕೆ ಕರೆದಿದ್ದರು. ಅಲ್ಲಿ, ಪಕ್ಕದ ಮನೆಯ ಶಮೀಮ್ ಮತ್ತು ನಾನು ಇಪ್ಪತ್ತೆರಡು ವರ್ಷಗಳಿಂದ ಒಬ್ಬರ ಮನೆಯದನ್ನು ಒಬ್ಬರು ಉಂಡುಕೊಂಡು ಬಂದವರು, ಗೋಡೆ ಎರಡಾದರೂ ಅಡುಗೆ ಒಂದೇ ಎಂದೆ. ಚಪ್ಪಾಳೆ ಬಿತ್ತು. ಶಮೀಮ್ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಅವಳೂ ತಟ್ಟಿದಳು. ಸ್ವಲ್ಪ ನಿಧಾನವಾಗಿ ತಟ್ಟಿದಳು ಎಂದು ಈಗ ಅನ್ನಿಸುತ್ತಿದೆ. ಇದೂ ಆಮೇಲೆ ಸೇರಿಸಿಕೊಂಡ ನೆನಪಿರಬಹುದು.

ಆ ಭಾಷಣದ ಮುಂದಿನ ವಾರವೇ ಇಂಡೋನೇಷ್ಯಾ ನಮ್ಮ ಅಡುಗೆಮನೆಗೆ ಬಂತು. ಶಮೀಮ್‌ಳ ಮಗಳು ನಾಜಿಯಾ ನನ್ನ ಹಳೆಯ ವಿದ್ಯಾರ್ಥಿನಿ. ಗಂಡನ ಕೆಲಸದಿಂದಾಗಿ ಈಗ ಜಾವಾದಲ್ಲಿದ್ದಾಳೆ. ಹಸಿ ತರಕಾರಿ ಹೆಚ್ಚು ತಿನ್ನಬೇಕೆಂದು ಡಾಕ್ಟರು ನನಗೆ ಹೇಳಿದ ಸುದ್ದಿ ಅವಳವರೆಗೂ ಹೋಗಿತ್ತು. ವಿಡಿಯೋ ಕರೆ ಮಾಡಿ, "ಮಿಸ್, ಇಲ್ಲಿ ಕರೆಡೊಕ್ ಅಂತ ಒಂದು ಕೋಸಂಬರಿ ಮಾಡ್ತಾರೆ. ತರಕಾರಿ ಬೇಯ್ಸೋದೇ ಇಲ್ಲ. ನೀವೂ ಅಮ್ಮಿನೂ ಸೇರಿ ಮಾಡ್ರಿ" ಎಂದಳು. ಸೌತೆಕಾಯಿ, ಎಳೆಯ ಅಲಸಂದೆಕಾಯಿ, ಕೋಸು, ಹೆಸರುಕಾಳಿನ ಮೊಳಕೆ, ಮೇಲೆ ಕಾಮಕಸ್ತೂರಿ ಎಲೆ. ಇವಿಷ್ಟಕ್ಕೆ ಕರಿದ ಶೇಂಗಾ, ಹಸಿಮೆಣಸು, ಬೆಳ್ಳುಳ್ಳಿ, ಹುಣಸೆ, ಬೆಲ್ಲ ಸೇರಿಸಿ ಕುಟ್ಟಿದ ಗಟ್ಟಿ ಗೊಜ್ಜು. ಅಲ್ಲಿಯವರು ಸಿಗಡಿಯ ಒಂದು ಮುದ್ದೆಯನ್ನೂ ಹಾಕುತ್ತಾರಂತೆ. "ಅದು ನಿಮಗೆ ಬ್ಯಾಡ ಬಿಡ್ರಿ ಮಿಸ್" ಎಂದು ನಾಜಿಯಾ ತಾನೇ ತೆಗೆದುಹಾಕಿದಳು. ಅಲ್ಲಿಯ ತಾಳೆಬೆಲ್ಲದ ಬದಲು ಕುಪ್ಪಗಡ್ಡೆ ಊರಿನಿಂದ ಬಂದ ಜೋನಿಬೆಲ್ಲ ಮನೆಯಲ್ಲಿತ್ತು. ಉಳಿದದ್ದು ಒಂದು ಬಗೆಯ ಘಮಘಮಿಸುವ ಗೆಡ್ಡೆ. ಅದು ನಮ್ಮ ಕಚೋರವೇ ಎಂದು ತಿಳಿದು, ಗ್ರಂಧಿಗೆ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು, "ಸ್ನಾನದ ಪುಡಿಗೇನ್ರಿ ಮೇಡಂ?" ಎಂದರು. ಊಟಕ್ಕೆ ಎನ್ನಲು ಧೈರ್ಯ ಬರಲಿಲ್ಲ. ಹೂಂ ಎಂದೆ. ನನ್ನ ಸುಳ್ಳುಗಳೆಲ್ಲ ಹೀಗೆಯೇ, ಯಾರಿಗೂ ಬೇಡದ ಕಡೆ ಸಲೀಸಾಗಿ ಬರುತ್ತವೆ.

ಭಾನುವಾರ ಬೆಳಿಗ್ಗೆ ಶಮೀಮ್ ನಮ್ಮ ಅಡುಗೆಮನೆಗೆ ಬಂದಳು. ನನ್ನ ಅತ್ತೆ ಸೊರಬದ ಕಡೆಯ ಜಡೆ ಊರಿನವರು, ಎಂಬತ್ತು ದಾಟಿದೆ. ಊಟದ ಮೇಜಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಕಚೋರದ ವಾಸನೆ ಮೂಗಿಗೆ ಬಿದ್ದದ್ದೇ, "ಎಂತದೆ ಗಿರಿಜಾ, ತಲೆಗೆ ಹಚ್ಚೋದನ್ನ ಹೊಟ್ಟೆಗೆ ಹಾಕ್ತೀರನೆ?" ಎಂದರು.

"ಜಾವಾದೋರು ತಿಂತಾರಂತೆ ಅತ್ತೆ."

"ಅವರು ತಲೆಗೆ ಎಂತ ಹಚ್ಚ್ತಾರಂತೆ, ಅದನ್ನೂ ಕೇಳು ಮಾರಾಯ್ತಿ."

ಶಮೀಮ್ ತರಕಾರಿ ಹೆಚ್ಚುವುದನ್ನು ನೋಡಬೇಕು. ಅವಳ ಮನೆಯವರದು ಗಾದಿ ಹೊಲಿಯುವ ಕೆಲಸ, ಅಳತೆ ತಪ್ಪುವ ಮನೆತನವಲ್ಲ. ಅಲಸಂದೆಯ ಒಂದೊಂದು ತುಂಡೂ ಒಂದೇ ಉದ್ದ. ನನ್ನ ಕೋಸು ಮಾತ್ರ ಜಾತ್ರೆ ಮುಗಿದ ಮೇಲಿನ ಮೈದಾನದಂತೆ ಹರಡಿಕೊಂಡಿತ್ತು. ಶೇಂಗಾ ಕರಿಯುವ ಹೊತ್ತಿಗೆ ಅವಳು ಒಲೆಯ ಮುಂದಿನಿಂದ ಸರಿದು, "ನೀವಾ ಕರೀರಿ ಅಕ್ಕಾರೆ" ಎಂದಳು. ಕರಿದೆ. ಒರಳಿನಲ್ಲಿ ಅವಳು ಕುಟ್ಟಿದಳು. ಗೊಜ್ಜಿನ ರುಚಿ ನೋಡಲು ಬೆರಳಲ್ಲಿ ತೆಗೆದು ಬಾಯಿಗಿಟ್ಟೆ. ಖಾರ, ಹುಳಿ, ಸಿಹಿ ಎಲ್ಲ ಇತ್ತು. ಉಪ್ಪಿರಲಿಲ್ಲ.

"ಮರೆತ್ರಾ ಶಮೀಮ್?"

"ಇಲ್ರಿ. ಉಪ್ಪು ನೀವಾ ಹಾಕ್ರಿ. ಅಜ್ಜಿಯೋರು ತಿಂತಾರಲ್ಲ," ಎಂದು ದನಿ ತಗ್ಗಿಸಿ ಹೇಳಿ, ಕೈ ತೊಳೆಯಲು ಹೋದಳು.

ಅರ್ಥವಾಗಲು ನನಗೆ ಒಂದು ನಿಮಿಷ ಬೇಕಾಯಿತು. ಹಳೆಯವರ ಲೆಕ್ಕ ಅದು. ಬೆಂಕಿ ಮುಟ್ಟದ, ಉಪ್ಪು ಬೀಳದ ಪದಾರ್ಥ ಯಾರ ಮನೆಯಿಂದ ಬಂದರೂ ನಡೆಯುತ್ತದೆ. ಉಪ್ಪು ಬಿದ್ದೊಡನೆ ಅದು ಅಡುಗೆಯಾಗುತ್ತದೆ, ಅಡುಗೆ ಯಾರದು ಎಂಬ ಪ್ರಶ್ನೆ ಏಳುತ್ತದೆ. ಈ ನಿಯಮವನ್ನು ನಾನು ತರಗತಿಯಲ್ಲಿ ಗತಕಾಲದ ಸಂಗತಿಯಾಗಿ ಪಾಠ ಮಾಡಿದ್ದೇನೆ. ಅದೇ ನಿಯಮದ ಪ್ರಕಾರ ಶಮೀಮ್ ನನ್ನ ಪಕ್ಕದಲ್ಲಿ ಇಷ್ಟು ವರ್ಷ ಬದುಕು ನಡೆಸಿದ್ದಳು. ಅವಳ ಮನೆಯಿಂದ ನಮಗೆ ಏನೇನು ಬಂದಿತ್ತು ಎಂದು ನಿಂತಲ್ಲೇ ನೆನಪಿಸಿಕೊಳ್ಳಲು ನೋಡಿದೆ. ಬಾಳೆಹಣ್ಣು. ತೆಂಗಿನಕಾಯಿ. ಒಣ ಖರ್ಜೂರ. ಹಿತ್ತಲಿನ ನುಗ್ಗೆಕಾಯಿ. ನಮ್ಮ ಮನೆಯಿಂದ ಹೋಳಿಗೆ, ಚಿತ್ರಾನ್ನ, ಪಾಯಸ ಹೋಗಿದ್ದವು. ಒಂದೇ ಅಡುಗೆ ಎಂದಿದ್ದೆನಲ್ಲ, ಅದು ನಿಜವೇ. ಆ ಒಂದು ಅಡುಗೆ ನನ್ನದಾಗಿತ್ತು.

ಉಪ್ಪಿನ ಡಬ್ಬಿಯನ್ನು ಅವಳ ಮುಂದೆ ಹಿಡಿದೆ. "ನೀವೇ ಹಾಕಿ. ಕೈಯಲ್ಲೇ ಕಲಸಿ. ಅತ್ತೆಗೆ ನಾನು ಹೇಳ್ಕೋತೀನಿ." ಹೇಳುವಾಗ ನನ್ನ ದನಿಯಲ್ಲಿ ಒಬ್ಬ ಸುಧಾರಕಿಯೂ ಇದ್ದಳು. ಮುಚ್ಚಿಡುವುದಿಲ್ಲ. ಶಮೀಮ್ ಬಾಗಿಲ ಕಡೆ ಒಮ್ಮೆ ನೋಡಿ, ಉಪ್ಪು ಉದುರಿಸಿ ಕಲಸಿದಳು. ನಾನು ತಟ್ಟೆ ಹಿಡಿದು ಅತ್ತೆಯ ಎದುರು ನಿಂತು, ಒಂದು ಯುದ್ಧಕ್ಕೆ ಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡು, "ಇದನ್ನ ಕಲಸಿದ್ದು ಶಮೀಮ್" ಎಂದೆ.

"ಮತ್ತೆಂತ, ನೀನು ಕಲಸಿದ್ರೆ ಹಿಂಗೆ ಒಂದಕ್ಕೊಂದು ಹಿಡ್ಕಂತಿತ್ತಾ?" ಎಂದು ಅತ್ತೆ ಬಾಯಿಗಿಟ್ಟುಕೊಂಡರು. ಹಲ್ಲಿಲ್ಲದ ಕಾರಣ ಅಲಸಂದೆಯನ್ನು ಬದಿಗೆ ತಳ್ಳಿ ಗೊಜ್ಜನ್ನಷ್ಟೇ ಬಳಿದುಕೊಂಡರು. ಎರಡನೆಯ ಸಲ ಬಡಿಸಿಕೊಂಡರು.

ನನಗೆ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾಯಿತು. ಶಮೀಮ್ ಹೋದ ಮೇಲೆ ಕೇಳಿದೆ, "ಅತ್ತೆ, ಅವರ ಮನೆ ಅಡುಗೆ ನಿಮಗೆ ಆಗಲ್ಲ ಅಂತಿದ್ರಲ್ಲ?"

"ನಾನಾ? ನಾನೆಲ್ಲಿ ಅಂದೆ? ಮಾಂಸ ಬ್ಯಾಡ ಅಂದಿದ್ದು ಹೌದು. ಆಮೇಲೆ ಅವ್ರು ಎಂತದೂ ಕಳಿಸ್ಲೇ ಇಲ್ಲಲ್ಲೆ. ಶಮೀಮಂಗೆ ನಮ್ಮ ಮೇಲೆ ಎಂತದೋ ಬೇಜಾರಿರ್ಬೇಕು ಅಂದ್ಕಂಡು ನಾನು ಸುಮ್ನಾದೆ."

ವಯಸ್ಸಾದವರು, ಮರೆತಿದ್ದಾರೆ ಎಂದುಕೊಂಡೆ. ಆಧಾರ ತೋರಿಸುವ ಹಟದಿಂದ ಅಂದು ಮಧ್ಯಾಹ್ನ ಹಳೆಯ ದಿನಚರಿಗಳನ್ನು ಕೆಳಗಿಳಿಸಿದೆ. ನಾವು ಈ ಬೀದಿಗೆ ಬಂದ ಮೊದಲ ವರ್ಷದ ರಂಜಾನ್ ಹಬ್ಬದ ಪುಟ ಸಿಕ್ಕಿತು. ನನ್ನದೇ ಅಕ್ಷರ: ಪಕ್ಕದ ಮನೆಯಾಕೆ ಹಾಲು, ಶಾವಿಗೆ, ಖರ್ಜೂರ ಹಾಕಿದ ಸುರಕುಂಬ ತಂದುಕೊಟ್ಟರು, ಅತ್ತೆಗೆ ಆಗುವುದಿಲ್ಲವೆಂದು ಹೇಳಿ ಮರಳಿಸಿದೆ, ಪಾಪ, ಒಳ್ಳೆಯವರು. ನೋಡಿದಿರಾ ಎಂದು ಅತ್ತೆಯನ್ನು ಕರೆಯಬೇಕು, ಅಷ್ಟರಲ್ಲಿ ಅದೇ ಪುಟದ ಕೆಳಗಿನ ಸಾಲು ಕಂಡಿತು. ಅತ್ತೆ ಜಡೆಗೆ ಹೋಗಿ ನಾಲ್ಕು ದಿನವಾಯಿತು, ಮನೆ ಬಿಕೋ ಎನ್ನುತ್ತಿದೆ.

ಪುಸ್ತಕ ಮುಚ್ಚಿದೆ. ಇತಿಹಾಸದ ಮೇಷ್ಟ್ರಿಗೆ ಇಷ್ಟು ಸ್ಪಷ್ಟವಾದ ದಾಖಲೆ ಸಿಗುವುದು ಅಪರೂಪ.

ಮರುದಿನ ಬೆಳಿಗ್ಗೆ ಶಮೀಮ್‌ಳ ಮನೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಬೇಡ ಎಂದದ್ದು ಅತ್ತೆಯಲ್ಲ, ನಾನು. ಅವರು ಆ ದಿನ ಊರಲ್ಲೇ ಇರಲಿಲ್ಲ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡ್ರಿ. ಅಜ್ಜಿಯೋರನ್ನ ಸ್ಕೂಟರ್ ಮ್ಯಾಲೆ ಕೂರ್ಸ್ಕೊಂಡು ಹೋಗಿ ಸೊರಬದ ಬಸ್ ಹತ್ತಿಸಿದ್ದೇ ನಮ್ಮ ಮನೆಯೋರು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಇನ್ನೊಂದು ನೆವ ಹುಡುಕ್ಬೇಕಾಗ್ತಿತ್ತಲ್ರಿ ಅಕ್ಕಾರೆ. ಅದೇನು ಕಮ್ಮಿ ಕಷ್ಟಾನಾ?" ಎಂದು ನಕ್ಕಳು. ನಗು ಬೇಗ ಮುಗಿಯಿತು. "ಆ ಸುರಕುಂಬ ನಾವೂ ತಿನ್ಲಿಲ್ರಿ. ತಿನ್ನೋಕೆ ಮನಸ್ಸಾಗ್ಲಿಲ್ಲ." ಆಮೇಲೆ ಸೊಪ್ಪಿನ ಬುಟ್ಟಿ ಸರಿಸಿ ಎದ್ದು, "ಬರ್ರಿ, ಕೂರ್ರಿ. ಅನ್ನ ಬ್ಯಾಳೆ ಆಗೈತಿ. ಒಂದು ತುತ್ತು ಉಣ್ರಿ" ಎಂದಳು.

ಕ್ಷಮೆ ಕೇಳಲು ಹೋದವಳು ನಾನು. ಮನಸ್ಸಿನಲ್ಲಿ ಬೇಡವೆಂಬುದು ಎಳ್ಳಷ್ಟೂ ಇರಲಿಲ್ಲ. ಆದರೂ ನಾಲಿಗೆ ನನಗಾಗಿ ಕಾಯಲಿಲ್ಲ. "ಅಯ್ಯೋ, ಈಗಷ್ಟೇ ಊಟ ಮುಗಿಸಿ ಬಂದೆ ಶಮೀಮ್" ಎಂದುಬಿಟ್ಟಿತು.

ಅವಳು ಗೋಡೆಯ ಗಡಿಯಾರ ನೋಡಿದಳು. ನಾನೂ ನೋಡಿದೆ. ಹತ್ತೂಕಾಲು. ಅವಳು ತಟ್ಟೆ ತರಲು ಒಳಗೆ ಹೋದಳು. ನಾನು ಕೂತೆ.