ಡಿಸ್ಕು ತಿಂದ ಹೆಸರು

ಸೀಟಿ ಊದಿ ಕಂಪ್ಯೂಟರ್ ಸ್ಟಾರ್ಟ್ ಮಾಡುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಇಡೀ ಮಂಡ್ಯ ಜಿಲ್ಲೆಯಲ್ಲಿ ಅಂಥ ಆಸಾಮಿ ಒಬ್ಬನೇ ಒಬ್ಬನಿದ್ದ. ಅವನು ಹೋಗಿ ಹೋಗಿ ನಮ್ಮ ಅವ್ವನ ತಮ್ಮನೇ ಆಗಿರಬೇಕೆ!

ಚಿಕ್ಕಮಾವ ಪಾಂಡವಪುರದಿಂದ ಕೆ.ಆರ್. ಪೇಟೆ ಮೇಲೆ ನಾಗಮಂಗಲಕ್ಕೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರಾಗಿದ್ದ. ಮಾಲೀಕರು ಬಸ್ಸು ಮಾರಿದ ಮೇಲೆ ಪಾಂಡವಪುರದಲ್ಲಿ ಒಂದು ಮಳಿಗೆ ಹಿಡಿದು, ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಕಂಪ್ಯೂಟರ್ ತಂದು, ಮದುವೆ ಕಾರ್ಡು ಮಾಡಿಕೊಡುವ ಅಂಗಡಿ ಇಟ್ಟ. ಬಸ್ಸು ಹೋಯಿತು, ಕಂಡಕ್ಟರಿಕೆ ಹೋಗಲಿಲ್ಲ. ಬೆಳಿಗ್ಗೆ ಮೈನ್ ಸ್ವಿಚ್ ಹಾಕಿ, ಸೀಟಿ ಊದಿ, "ರೈಟ್!" ಅಂದಮೇಲೇ ಕಂಪ್ಯೂಟರಿನ ಗುಂಡಿ ಒತ್ತುವುದು. ಬಂದ ಗಿರಾಕಿಗಳಿಗೆ, "ಒಳೀಕ್ ನಡೀರಿ, ಬಾಗ್ಲಲ್ ನಿಂತ್ಕಬೇಡಿ" ಎಂದು ಅಬ್ಬರಿಸುತ್ತಿದ್ದ. ಒಳಗೆ ಎಲ್ಲಿಗೆ ನಡೆಯುವುದು? ಇಬ್ಬರು ನಿಂತರೆ ಮೂರನೆಯವನು ಪ್ರಿಂಟರಿನ ಮೇಲೆ ಕೂರಬೇಕಿತ್ತು!

ಅವನಿಗೆ ರೂಲ್ಸು ಅಂದರೆ ರೂಲ್ಸು. ಬಸ್ಸಿನಲ್ಲಿದ್ದ ಕಾಲದಲ್ಲಿ ಒಮ್ಮೆ ಅವನ ಸ್ವಂತ ಅಣ್ಣ, ಹೊಸಹೊಳಲಿನ ನಮ್ಮ ದೊಡ್ಡಮಾವ, ಸಂತೆಬಾಚಹಳ್ಳಿ ಸಂತೆಗೆಂದು ಟಗರು ಹಿಡಿದುಕೊಂಡು ಅವನ ಬಸ್ಸು ಹತ್ತಿದ.

"ಟಗರಿಗೂ ಟಿಕೀಟು ತಗೋಬೇಕು" ಅಂದ ತಮ್ಮ.

"ಮನೆ ಟಗರಿಗೆ ಟಿಕೀಟೇನ್ಲಾ?" ಅಂದ ಅಣ್ಣ.

ಸೀಟಿ ಬಿತ್ತು. ಬಸ್ಸು ನಿಂತಿತು. ಊರಿಲ್ಲ ಕೇರಿಯಿಲ್ಲದ ಕಡೆ ಅಣ್ಣನನ್ನೂ ಟಗರನ್ನೂ ಇಳಿಸಿ ಬಸ್ಸು ಹೊರಟೇಹೋಯಿತು! ಬಸ್ಸಿನ ತುಂಬ ಗುರುತಿನ ಜನ ಬೇರೆ. ಅವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಕತೆಯಿಲ್ಲ, ಒಬ್ಬರ ಮನೆ ಬಾಗಿಲಿಗೆ ಇನ್ನೊಬ್ಬರು ಹೋದದ್ದಿಲ್ಲ.

ಹೀಗಿರುವಾಗ ನಮ್ಮ ಅಕ್ಕನ ಮದುವೆ ಗೊತ್ತಾಯಿತು. "ನನ್ ಸೊಸೆ ಮದ್ವೆ ಕಾರ್ಡು ಬೇರೆ ಅಂಗ್ಡೀಲಿ ಆದ್ರೆ ನಾನು ಅಂಗ್ಡಿ ಬಾಗ್ಲೇ ಹಾಕ್ಬುಡ್ತೀನಿ" ಎಂದು ಚಿಕ್ಕಮಾವ ಶ್ರೀರಂಗಪಟ್ಟಣದ ನಮ್ಮ ಮನೆಗೇ ಬಂದು ಕೂತ. ಅವ್ವ ಒಂದೇ ಮಾತು ಹೇಳಿದಳು: "ಮಾಡ್ಲಾ. ಆದ್ರೆ ಅಣ್ಣನ ಎಸ್ರು ಇರ್ಬೇಕು. ಕಾರ್ಡಲ್ಲಿ ಎಸ್ರಿಲ್ದೆ ಅವ್ನು ಬರಕಿಲ್ಲ. ಅವ್ನು ಬರ್ದಿದ್ರೆ ನಾನು ಧಾರೆ ಎರೆಯಕಿಲ್ಲ." ನಮ್ಮವ್ವ ಹೇಳಿದ ಮಾತು ಹಿಂದಕ್ಕೆ ತೆಗೆದುಕೊಂಡವಳಲ್ಲ.

ಮೊದಲ ಪ್ರೂಫ್ ಬಂತು. ಗಣಪತಿ ಇದ್ದಾನೆ, ಗಂಡಿದ್ದಾನೆ, ಹೆಣ್ಣಿದ್ದಾಳೆ, ಸುಖಾಗಮನ ಬಯಸುವವರೂ ಇದ್ದಾರೆ. ದೊಡ್ಡಮಾವ ಇಲ್ಲ! ಅವ್ವ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನಾನಲ್ಲ ಕಣಕ್ಕ, ಡಿಸ್ಕು!" ಅಂದ ಚಿಕ್ಕಮಾವ. "ನಾನ್ ಆಕಿದ್ದೆ. ಅದು ತಿಂದ್ಬುಟ್ಟೈತೆ. ದಿನಾ ಬೆಳಿಗ್ಗೆ ಅದೆಂತದೋ ಎರರ್ರು ಎರರ್ರು ಅಂತ ಬಡ್ಕತದೆ."

"ಡಿಸ್ಕಂತೆ ಡಿಸ್ಕು! ಅದಕ್ಕೇನ್ಲಾ ನಮ್ಮಣ್ಣನ ಮೇಲೆ ದ್ವೇಸ?" ಎಂದು ಅವ್ವ ಗುಡುಗಿದಳು.

ನನಗೂ ಅದೇ ಗುಮಾನಿ. ಆದರೆ ಮೈಸೂರಿನಲ್ಲಿ ಆರು ತಿಂಗಳು ಕಂಪ್ಯೂಟರ್ ಕೋರ್ಸು ಮಾಡಿದ ತಪ್ಪಿಗೆ ನಾನೇ ಪಾಂಡವಪುರಕ್ಕೆ ಹೋಗಬೇಕಾಯಿತು. ಹೋಗಿ ಡಿಸ್ಕ್ ಚೆಕ್ ಹಾಕಿದೆ. ಮಾವ ಹೇಳಿದ್ದು ನಿಜ! ಯಾವ ಫೈಲಿಗೂ ಸೇರದ ತುಂಡುಗಳು ಡಿಸ್ಕಿನಲ್ಲಿ ಬಿದ್ದಿವೆ, ಏನು ಮಾಡಲಿ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಮಾವನಿಗೆ ಬಿಡಿಸಿ ಹೇಳಿದೆ. ಅವನ ಕಣ್ಣು ಮಿಂಚಿತು.

"ಅಂದ್ರೆ ಟಿಕೀಟಿಲ್ದೆ ಕುಂತವ್ರೆ ಅನ್ನು! ಇಳ್ಸಲಾ ಎಲ್ರುನೂವೆ!"

ಎಲ್ಲರನ್ನೂ ಇಳಿಸಿದೆ. ಇನ್ನೊಮ್ಮೆ ಚೆಕ್ ಹಾಕಿದೆ. ಡಿಸ್ಕು ಥಳಥಳ! ಮಾವ ದೊಡ್ಡಮಾವನ ಹೆಸರನ್ನು ಮತ್ತೆ ಹಾಕುತ್ತೇನೆಂದು ತಲೆ ಮುಟ್ಟಿ ಆಣೆ ಮಾಡಿದ. ನಾನು ಬೀಗುತ್ತಾ ಊರಿಗೆ ಬಂದೆ. ಮರುದಿನ ಎರಡನೆಯ ಪ್ರೂಫ್ ಬಂತು. ದೊಡ್ಡಮಾವ ಮತ್ತೆ ಮಾಯ! ಓಡಿಹೋಗಿ ಡಿಸ್ಕ್ ಚೆಕ್ ಹಾಕಿದರೆ ಮತ್ತೆ ಅವೇ ಎರರ್ರುಗಳು. ನಿನ್ನೆ ತಾನೇ ವಾಸಿಯಾದ ಡಿಸ್ಕಿಗೆ ಒಂದೇ ರಾತ್ರಿಯಲ್ಲಿ ಎಂಥ ರೋಗ ಬಡಿಯಿತಪ್ಪ? ರೋಗ ಬಡಿದರೂ ಅದು ಹುಡುಕಿ ಹುಡುಕಿ ದೊಡ್ಡಮಾವನನ್ನೇ ತಿನ್ನಬೇಕೆ? ನನಗೆ ತಲೆ ಕೆಟ್ಟುಹೋಯಿತು.

ಅವತ್ತು ನಾನು ಜಾಗ ಬಿಟ್ಟು ಕದಲಲಿಲ್ಲ. ಮಾವ ಇಡೀ ಕಾರ್ಡನ್ನು ಮತ್ತೆ ಮೊದಲಿನಿಂದ ಒಂದೇ ಬೆರಳಿನಲ್ಲಿ ಕುಟ್ಟತೊಡಗಿದ. ಬಯಸುವವರ ಪಟ್ಟಿಯಲ್ಲಿ ತನ್ನ ಹೆಸರು ಹಾಕಿದ. ಚಿಕ್ಕಪ್ಪಂದಿರು, ಭಾವಂದಿರು, ಇನ್ನೂ ಹಾಲು ಕುಡಿಯುತ್ತಿದ್ದ ಕೂಸುಗಳು, ಎಲ್ಲರೂ ಬಂದರು. ಎಲ್ಲರೂ ಮುಗಿದ ಮೇಲೆ ಅವನ ಬೆರಳು ಗಾಳಿಯಲ್ಲಿ ನಿಂತುಬಿಟ್ಟಿತು. ಕೊನೆಗೆ, ಎಲ್ಲರಿಗಿಂತ ಕೆಳಗೆ, ಅಣ್ಣನ ಹೆಸರನ್ನು ಕುಟ್ಟಿದ. ಸೇವ್ ಒತ್ತಿದ. ಒತ್ತಿದವನೇ ಎದ್ದು, "ಓಲ್ಡಾನ್!" ಎಂದು ಕೂಗಿ, ಗೋಡೆಯ ಮೈನ್ ಸ್ವಿಚ್ಚನ್ನು ದಡಕ್ಕನೆ ಎಳೆದ!

ನಾನು ಓಡಿಹೋಗಿ ಅವನ ಕೈ ಹಿಡಿದೆ.

"ಏನ್ ಮಾವ ಇದು! ದಿನಾ ಇಂಗೇ ಮಾಡ್ತೀಯಾ?"

"ಇನ್ನೇನ್ಲಾ? ಸ್ಟಾಪು ಬಂದ್ಮೇಲೂ ಇಂಜಿನ್ ಯಾಕ್ ಓಡ್ಬೇಕು?"

ಸೇವ್ ಒತ್ತಿದ ಕ್ಷಣವೇ ಎಲ್ಲವೂ ಡಿಸ್ಕಿಗೆ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಬೇಕು ಎಂದು ಹೇಳಿದೆ. ಅವನಿಗೆ ಹತ್ತಲಿಲ್ಲ. ಆಗ ಅವನ ಭಾಷೆಯಲ್ಲೇ ಹೇಳಿದೆ: "ಜನ ಇನ್ನೂ ಹತ್ತುತಾ ಅವ್ರೆ ಮಾವ. ಕೊನೇಲಿರೋನು ಫುಟ್‌ಬೋರ್ಡ್ ಮೇಲೆ ಕಾಲಿಡೋ ಮೊದ್ಲೇ ನೀನು ರೈಟ್ ಅಂದ್ಬುಡ್ತಿದ್ದೀಯ. ಡಿಸ್ಕಲ್ಲಿ ಸಿಕ್ಕಿದ್ದು ಅರ್ಧಕ್ಕೆ ಕೈಬಿಟ್ಟೋರ ತುಂಡುಗಳು."

ಮಾವ ಕುಸಿದು ಕೂತ. "ಅಂದ್ರೆ... ಅಣ್ಣನ್ನ ತಿರ್ಗಾ ನಾನೇ ದಾರೀಲಿ ಬುಟ್ಟೋದ್ನಾ?"

ಆ ಮನುಷ್ಯ ಅಷ್ಟು ಮೆತ್ತಗಾದದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ. "ದೊಡ್ಡಮಾವನ್ ಎಸ್ರ ಕೊನೇಲಿ ಆಕಿ ನಿನ್ನೆಸ್ರ ಮೇಲೆ ಯಾಕ್ ಆಕ್ದೆ ಮಾವ?" ಎಂದೆ. ಅವನು ಎದ್ದ. ಸ್ವಿಚ್ ಹಾಕಿದ. ಸೀಟಿ ಊದುವುದನ್ನೂ ಮರೆತ. ಅಣ್ಣನ ಹೆಸರನ್ನು ಎಲ್ಲರಿಗಿಂತ ಮೇಲೆ, ತನ್ನ ಹೆಸರಿನ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿದ. ಸೇವ್ ಒತ್ತಿ ಕೈಕಟ್ಟಿ ನಿಂತ.

ಒಳಗಿನಿಂದ ಕಟಕ್, ಕಟಕ್ ಎಂದು ಸದ್ದು ಬಂತು. ಪರದೆ ಹಾಗೇ ನಿಂತುಹೋಯಿತು. ಆರಿಸಿ ಹಚ್ಚಿದರೆ, ಡಿಸ್ಕೇ ಇಲ್ಲ ಅನ್ನುತ್ತಿದೆ! ದಿನಾ ಹಾಗೆ ಸ್ವಿಚ್ ಎಳೆಸಿಕೊಂಡು ಆ ಡಿಸ್ಕು ಎಷ್ಟು ದಿನ ತಾನೇ ಬದುಕೀತು?

"ಫ್ಲಾಪಿಯಲ್ಲಿ ಒಂದು ಕಾಪಿ ಇಟ್ಟಿದ್ದೀಯಾ?" ಎಂದು ಗಾಬರಿಯಿಂದ ಕೇಳಿದೆ.

"ಭದ್ರವಾಗ್ ಮಡಗಿವ್ನಿ" ಎಂದು ಗೋಡೆ ತೋರಿಸಿದ. ಬಿಲ್ಲುಗಳನ್ನು ಚುಚ್ಚಿಡುವ ತಂತಿಗೆ, ಬಿಲ್ಲುಗಳ ಜೊತೆಗೇ, ಫ್ಲಾಪಿಯನ್ನೂ ನಡುಮಧ್ಯೆ ತೂತು ಕೊರೆದು ಚುಚ್ಚಿಟ್ಟಿದ್ದ!

ಅಷ್ಟು ಸಾಲದೆಂಬಂತೆ ಸಂಜೆ ಅವ್ವನ ಫೋನು ಬಂತು. ಮೊದಲ ಪ್ರೂಫನ್ನು ನೋಡಿದ್ದ ನೆಂಟನೊಬ್ಬ ಹೊಸಹೊಳಲಿಗೆ ಹೋಗಿ, ನಿನ್ನ ತಮ್ಮ ನಿನ್ನ ಹೆಸರು ಕಿತ್ತುಹಾಕಿದ್ದಾನೆ ಎಂದು ಊದಿಬಿಟ್ಟಿದ್ದ. ದೊಡ್ಡಮಾವ ಮದುವೆಗೆ ಬರುವುದಿಲ್ಲವೆಂದು ಹೇಳಿಕಳಿಸಿದ್ದ. ಅವ್ವ ಫೋನಿನಲ್ಲೇ ಗೊಳೋ ಎಂದಳು.

"ಬೇರೆ ಪ್ರೆಸ್ಸಲ್ಲಿ ಮಾಡ್ಸಿ ಕಳ್ಸಿಬುಡೋಣ ಮಾವ" ಎಂದೆ.

"ಕಾರ್ಡು ಯಾರಾದ್ರೂ ಮಾಡ್ತಾರೆ ಕಣ್ಲಾ. ನಾನು ತೆಗ್ದಿಲ್ಲ ಅಂತ ಯಾರ್ ಯೋಳ್ತಾರೆ?" ಎಂದವನೇ ಸ್ಕ್ರೂಡ್ರೈವರ್ ತೆಗೆದುಕೊಂಡ. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಡಿಸ್ಕನ್ನು ಕಿತ್ತು, ಟವಲಿನಲ್ಲಿ ಸುತ್ತಿಕೊಂಡು ಹೊಸಹೊಳಲಿನ ಬಸ್ಸು ಹತ್ತಿಬಿಟ್ಟ. ಸಾಕ್ಷಿ ತೋರಿಸಲು ಹೋಗುತ್ತಿದ್ದಾನೆ! ಸತ್ತ ಡಿಸ್ಕನ್ನು! ಕಂಪ್ಯೂಟರನ್ನೇ ಕಂಡಿರದ ಅಣ್ಣನಿಗೆ! ನಾನು ದಿಕ್ಕು ತೋಚದೆ ಹಿಂದೆಯೇ ಹತ್ತಿದೆ.

ದೊಡ್ಡಮಾವ ಜಗಲಿಯ ಮೇಲೆ ಕೂತು ಕುಡುಗೋಲಿಗೆ ಹಿಡಿ ಹಾಕುತ್ತಿದ್ದ. ತಮ್ಮನನ್ನು ಕಂಡು ಮುಖ ತಿರುಗಿಸಿದ. ಕುಡುಗೋಲು ಬೇರೆ ಕೈಯಲ್ಲಿ! ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಏನಂತೆ ಅವ್ನಿಗೆ?" ಎಂದು ನನ್ನನ್ನು ಕೇಳಿದ.

"ನಾನು ಎಸ್ರು ತೆಗ್ದಿಲ್ಲ ಅಂತ ಯೋಳ್ಲಾ ಅವ್ನಿಗೆ" ಎಂದು ಚಿಕ್ಕಮಾವನೂ ನನಗೇ ಹೇಳಿದ.

ಇಬ್ಬರ ನಡುವೆ ಇದ್ದದ್ದು ಎರಡು ಮಾರು ಜಾಗ. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮಾವ ಟವಲು ಬಿಚ್ಚಿ, ಎರಡೂ ಕೈಯಲ್ಲಿ ಡಿಸ್ಕನ್ನು ಮುಂದೆ ಹಿಡಿದ.

"ಅಣ್ಣಾ, ಇದು ಕೆಟ್ಟೋಗದೆ ಕಣಣ್ಣ. ನಿನ್ನೆಸ್ರ ಕೊನೇಲಿ ಆಕಿದ್ದೆ, ಅದು ನಂದೇ ತಪ್ಪು. ಆಮೇಕೆ ಎಲ್ರಿಗಿಂತ ಮೊದ್ಲೇ ಆಕ್ದೆ. ಮೊದ್ಲು ಆಕಿದ್ದು ಯಾರಿಗೂ ಕಾಣ್ದಂಗೆ ಓಗ್ಬುಡ್ತು."

ದೊಡ್ಡಮಾವ ಕುಡುಗೋಲು ಕೆಳಗಿಟ್ಟ. ಡಿಸ್ಕನ್ನು ಇಸಕೊಂಡು ಅಂಗೈಯಲ್ಲಿ ತೂಗಿ ನೋಡಿದ.

"ಇದ್ರೊಳಗೈತಾ ನನ್ನೆಸ್ರು?"

"ಐತೆ ಕಣಣ್ಣ. ಈಚೀಕೆ ತೆಗೆಯಾಕೆ ಆಯ್ತಿಲ್ಲ ಅಷ್ಟೆ."

ದೊಡ್ಡಮಾವ ತಮ್ಮನ ಮುಖ ನೋಡಿದ. ನೋಡುತ್ತಾ ನೋಡುತ್ತಾ ಅವನ ಮೀಸೆ ನಡುಗಿತು. "ಎಸ್ರು ಕಟ್ಕಂಡು ಏನ್ಲಾ ಮಾಡ್ಲಿ? ನನ್ ಬಾಗ್ಲಿಗೆ ಬರಾಕೆ ನಿಂಗೆ ಇಷ್ಟು ವರ್ಸ ಬೇಕಾಯ್ತಲ್ಲೋ, ಪಾಪಿ!" ಅಂದ.

ಚಿಕ್ಕಮಾವ ಬಿಕ್ಕಿ ಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ. ದೊಡ್ಡಮಾವ ಒಳಕ್ಕೆ ತಿರುಗಿ, "ಲೇ ಇವ್ಳೆ, ಇನ್ನೆರ್ಡು ಮುದ್ದೆ ಜಾಸ್ತಿ ಕಟ್ಟು, ತಮ್ಮ ಬಂದವ್ನೆ" ಎಂದು ಕೂಗಿದ. ಆಮೇಲೆ ಒಂದು ಕೈಯಲ್ಲಿ ಡಿಸ್ಕು, ಇನ್ನೊಂದು ಕೈಯಲ್ಲಿ ತಮ್ಮನ ರಟ್ಟೆ ಹಿಡಿದುಕೊಂಡು ಒಳಗೆ ನಡೆದ.