ಫಿನ್ಲೆಂಡ್ ದೇಶದ ಜೋಡೆತ್ತು

ಕ್ರೀಡಾಕೂಟವೊಂದು ಅಂತಾರಾಷ್ಟ್ರೀಯವೆನಿಸಿಕೊಳ್ಳಬೇಕಾದರೆ ಅದರಲ್ಲಿ ಕನಿಷ್ಠ ಎಂಟು ದೇಶಗಳು ಭಾಗವಹಿಸಿರತಕ್ಕದ್ದು. ಇದು ವಿಶ್ವ ಜೋಡೆತ್ತಿನ ಗಾಡಿ ಓಟದ ಮಹಾಮಂಡಳಿಯ ನಿಯಮ. ಮಹಾಮಂಡಳಿಯ ಕೇಂದ್ರ ಕಛೇರಿಯು ಪಾಂಡವಪುರದಲ್ಲಿ, ಗೊಬ್ಬರದಂಗಡಿಯೊಂದರ ಮಹಡಿಯ ಮೇಲಿದ್ದು, ಸಂತೆಯ ದಿನ ತೆರೆದಿರುತ್ತದೆ.

ಈ ವಿಶ್ವಕಪ್ಪಿಗೆ ಭವ್ಯ ಇತಿಹಾಸವಿದೆ. ಮೊದಲನೆಯ ವಿಶ್ವಕಪ್ಪಿನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ಎಂಬ ನಾಲ್ಕು ರಾಷ್ಟ್ರಗಳು ಪಾಲ್ಗೊಂಡಿದ್ದವು. ಎರಡನೆಯದನ್ನು ಯಾರು ನಡೆಸಬೇಕೆಂದು ಮತಕ್ಕೆ ಹಾಕಲಾಯಿತು. ಮತದಾನದ ಹಿಂದಿನ ದಿನ ಕೆ.ಆರ್. ಪೇಟೆಯವರು ಮತದಾರರನ್ನೆಲ್ಲ ಹೊಸಹೊಳಲಿನ ದೇವಸ್ಥಾನ ತೋರಿಸಲು ಕರೆದೊಯ್ದರು. ವಾಪಸು ಬಂದವರ ಹೆಗಲ ಮೇಲೆ ಒಂದೊಂದು ಕುರಿಮರಿ ಇತ್ತು. ಅದನ್ನು ಪ್ರಸಾದವೆಂದು ದಾಖಲಿಸಲಾಗಿದೆ.

ಮೂರನೆಯದರಲ್ಲಿ ವಯಸ್ಸಿನ ವಿವಾದವೆದ್ದಿತು. ಹಾಲುಹಲ್ಲಿನ ಹೋರಿಗಳ ವಿಭಾಗದಲ್ಲಿ ಗೆದ್ದ ಜೋಡಿಯ ಬಾಯಿ ಬಿಡಿಸಿ ನೋಡಿದರೆ ಎರಡಕ್ಕೂ ಅಷ್ಟೂ ಹಲ್ಲು ಬಂದು ಸವೆದಿದ್ದವು. "ನಮ್ಮನೇಲಿ ಎಲ್ರಿಗೂ ಅಲ್ಲು ವಸಿ ಬೇಗ ಬತ್ತವೆ" ಎಂದು ಎತ್ತಿನ ಯಜಮಾನ ವಿವರಣೆ ಕೊಟ್ಟ. ತನಿಖಾ ಸಮಿತಿಯು ಅವನ ಮನೆಗೆ ಹೋಗಿ, ಮನೆಮಂದಿಯ ಬಾಯನ್ನೆಲ್ಲ ಬಿಡಿಸಿ ನೋಡಿ, ಊಟ ಮಾಡಿ, ವಿವರಣೆ ತೃಪ್ತಿಕರವಾಗಿದೆಯೆಂದು ವರದಿ ಸಲ್ಲಿಸಿತು.

ನಾಲ್ಕನೆಯ ವಿಶ್ವಕಪ್ಪಿನ ಹೊತ್ತಿಗೆ ಎಂಟು ದೇಶಗಳ ನಿಯಮ ಬಂದಿತು. ನಿಜವಾಗಿಯೂ ಅಂತಾರಾಷ್ಟ್ರೀಯವಾದರೆ ಅನುದಾನ ಕೊಡುವುದಾಗಿ ಮೇಲಿನವರು ಹೇಳಿದ್ದರು. ಮಹಾಮಂಡಳಿಯ ಕಾರ್ಯದರ್ಶಿ ನಾಗರಾಜು ಧೈರ್ಯವಂತ. ದೇಶಗಳ ಹೆಸರು ಬರೆದ ಚೀಟಿಗಳನ್ನು ಒಂದು ಕುಕ್ಕೆಗೆ ಹಾಕಿ ಜೋಡಿಗಳ ಯಜಮಾನರಿಂದ ಎತ್ತಿಸಿಬಿಟ್ಟ. ಭಾರತ ಮಾತ್ರ ಚೀಟಿಯಿಲ್ಲದೆ ಶ್ರೀರಂಗಪಟ್ಟಣಕ್ಕೆ ಹೋಯಿತು. ಹಿಂದೆ ರಾಜಧಾನಿಯಾಗಿದ್ದ ಊರಿಗೆ ದೇಶ ಕೊಡದಿದ್ದರೆ ಹೇಗೆ ಎಂಬುದು ಅವರ ವಾದ. ಕೆ.ಆರ್. ಪೇಟೆಯವರಿಗೆ ಜಪಾನ್ ಬಂದಿತ್ತು. ಅದು ಚಿಕ್ಕದಾಯಿತೆಂದು ಒಂದು ಮೂಟೆ ಹಿಂಡಿ ಕೊಟ್ಟು ಪಾಂಡವಪುರದವರಿಂದ ಜರ್ಮನಿಯನ್ನು ಬದಲಾಯಿಸಿಕೊಂಡರು.

ಹೊಣಕೆರೆ ಕಡೆಯ ಮರಿಯಯ್ಯನಿಗೆ ಬಂದದ್ದು ಫಿನ್ಲೆಂಡ್.

"ಇದ್ಯಾವ ತಾಲ್ಲೂಕ್ಗೆ ಬತ್ತದೆ ಸೆಕ್ರೇಟ್ರಿ?" ಎಂದು ಮರಿಯಯ್ಯ ಕೇಳಿದ.

"ತಾಲ್ಲೂಕಲ್ಲ ಕಣಣ್ಣ, ದೇಸ. ಬಲೇ ಚಳಿಯಂತೆ. ಒಂದಿನದ ಮಾತು, ಓಡ್ಸ್ಬುಟ್ಟು ಮನೆಗೋಗು."

ಮರಿಯಯ್ಯನಿಗೆ ದೇಶದ ಗೊಡವೆ ಯಾಕೆ? ಅವನಿಗಿದ್ದದ್ದು ಬೈರ, ಚೆನ್ನ ಎಂಬ ಹಳ್ಳಿಕಾರ್ ಜೋಡಿ. ಕರುವಾಗಿದ್ದಾಗಿನಿಂದ ಸಾಕಿದ್ದ. ಬೈರನಿಗೆ ಜ್ವರ ಬಂದರೆ ಇವನಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಹೆಂಡತಿ ಯಶೋದಮ್ಮ, "ನಂಗೆ ಸೀತ ಆದ್ರೆ ಕೇಳಕಿಲ್ಲ, ಎತ್ತು ಸೀನಿದ್ರೆ ಡಾಕ್ಟ್ರ ಕರ್ಕಬತ್ತೀಯ" ಎಂದು ಬೈಯುತ್ತಿದ್ದಳು. ಹಾಗೆ ಬೈದು ತಾನೇ ಎದ್ದು ಹೋಗಿ ಬೈರನ ಹಣೆ ಮುಟ್ಟಿ ನೋಡುತ್ತಿದ್ದಳು.

ಪ್ರತಿ ದೇಶಕ್ಕೂ ಒಬ್ಬ ರಾಯಭಾರಿ ಬೇಕಾಗಿತ್ತು. ಫಿನ್ಲೆಂಡಿಗೆ ಶ್ರೀರಂಗಪಟ್ಟಣದಲ್ಲಿ ಕಬ್ಬಿನ ಹಾಲಿನ ಗಾಡಿ ಇಟ್ಟಿದ್ದ ಮಂಜುನಾಥನನ್ನು ನೇಮಿಸಲಾಯಿತು. ಆ ದೇಶದ ಗಂಡಹೆಂಡಿರಿಬ್ಬರು ಅವನ ಬಳಿ ಕಬ್ಬಿನ ಹಾಲು ಕುಡಿದು, ಎರಡನೆಯ ಲೋಟವನ್ನೂ ಕೇಳಿದ್ದರು. ಬೇರೆ ಅರ್ಜಿದಾರರಲ್ಲಿ ಯಾರಿಗೂ ಇಷ್ಟು ಅನುಭವವಿರಲಿಲ್ಲ.

ಉದ್ಘಾಟನೆಯ ದಿನ ಫೋಟೊಗಾಗಿ ಎತ್ತಿನ ಹಗ್ಗವನ್ನು ರಾಯಭಾರಿಯ ಕೈಗೆ ಕೊಡುವಂತೆ ನಾಗರಾಜು ಮೈಕಿನಲ್ಲಿ ಹೇಳಿದ. ಉಳಿದ ಏಳು ದೇಶದವರು ಕೊಟ್ಟರು, ಫೋಟೊ ಆಯಿತು, ಕಿತ್ತುಕೊಂಡರು. ಮರಿಯಯ್ಯ ಮರ್ಯಾದಸ್ಥ. ಅವನಪ್ಪನಾಗಲಿ ತಾತನಾಗಲಿ ಎತ್ತಿನ ಹಗ್ಗವನ್ನು ಇನ್ನೊಬ್ಬರ ಕೈಗೆ ಬರಿದೇ ಕೊಟ್ಟವರಲ್ಲ. ಹಾಗೆ ಕೊಟ್ಟರೆ ಎತ್ತಿಗೆ ಏಳಿಗೆಯಿಲ್ಲ. ಸೊಂಟದ ಚೀಲದಿಂದ ಎರಡು ವೀಳ್ಯದೆಲೆ, ಒಂದು ಅಡಿಕೆ ತೆಗೆದು, ಹಗ್ಗದ ಜೊತೆಗಿಟ್ಟು, ಪೂರ್ವಕ್ಕೆ ತಿರುಗಿ, ಎರಡೂ ಕೈಯಲ್ಲಿ ಮಂಜುನಾಥನಿಗೆ ಕೊಟ್ಟ. ಮಂಜುನಾಥ ಫೋಟೊ ಮುಗಿದ ಮೇಲೆ ಎಲೆಯಡಿಕೆ ಹಾಕಿಕೊಂಡ.

ಓಟದಲ್ಲಿ ಮರಿಯಯ್ಯನೇ ಗಾಡಿ ಹೊಡೆದ. ಬೈರ, ಚೆನ್ನ ಭಾರತವನ್ನು ಒಂದು ಮಾರು ಹಿಂದೆ ಹಾಕಿ ಗೆದ್ದವು. ಫಿನ್ಲೆಂಡಿನ ರಾಷ್ಟ್ರಗೀತೆ ಯಾರಿಗೂ ಬಾರದ ಕಾರಣ ಓಲಗದವರು ತಮಗೆ ಬಂದದ್ದನ್ನು ಊದಿದರು. ಜನವೆಲ್ಲ ಟವೆಲ್ಲು ತೆಗೆದು ನೆಟ್ಟಗೆ ನಿಂತರು.

ಅಂದು ಸಂಜೆಯೇ ಭಾರತ ದೂರು ಕೊಟ್ಟಿತು. ಗೆದ್ದ ಎತ್ತುಗಳು ಹೊಣಕೆರೆ ಮರಿಯಯ್ಯನವು, ಹೊಣಕೆರೆ ಭಾರತದಲ್ಲಿದೆ, ಆದ್ದರಿಂದ ಕಪ್ಪು ಭಾರತಕ್ಕೆ ಸೇರತಕ್ಕದ್ದು ಎಂಬುದು ಅದರ ಸಾರಾಂಶ. ವಿಚಾರಣೆ ಗೊಬ್ಬರದಂಗಡಿಯ ಮಹಡಿಯಲ್ಲಿ ನಡೆಯಿತು. ನಾಗರಾಜು ಬೆವೆತುಹೋಗಿದ್ದ. ಫಿನ್ಲೆಂಡ್ ಬಿದ್ದುಹೋದರೆ ಉಳಿಯುವುದು ಏಳು ದೇಶ. ಏಳಕ್ಕೆ ಅನುದಾನವಿಲ್ಲ. ಮುಂಗಡವಾಗಿ ಬಂದ ಅನುದಾನವೋ, ಪದಾಧಿಕಾರಿಗಳ ಮನೆಗಳಲ್ಲಿ ಆಗಲೇ ಹೊಸ ಕೊಳವೆ ಬಾವಿಗಳಾಗಿತ್ತು.

ಆಗ ಸದಸ್ಯರೊಬ್ಬರು ಫೋಟೊ ಹಿಡಿದು ಎದ್ದು ನಿಂತರು. ಫೋಟೊದಲ್ಲಿ ಹಗ್ಗವಿತ್ತು, ವೀಳ್ಯದೆಲೆಯಿತ್ತು, ಮರಿಯಯ್ಯ ಪೂರ್ವಕ್ಕೆ ತಿರುಗಿದ್ದ. ಎಲೆಯಡಿಕೆ ಇಟ್ಟು ಹಗ್ಗ ದಾಟಿಸಿದ ಮೇಲೆ ಎತ್ತು ಕೊಟ್ಟಂತೆಯೇ ಎಂಬುದನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಹಸುಗೂಸೂ ಬಲ್ಲದು. ಎತ್ತುಗಳು ಫಿನ್ಲೆಂಡಿನವೇ ಎಂದು ತೀರ್ಮಾನವಾಯಿತು. ಭಾರತ ದೂರನ್ನು ಹಿಂದಕ್ಕೆ ಪಡೆದು ಕಾಫಿ ಕುಡಿಯಿತು.

"ಕಪ್ಪು ಅವ್ರಿಗೇ ಕೊಟ್ಬುಡಿ ಸ್ವಾಮಿ, ನಂಗ್ಯಾಕೆ. ನನ್ನ ಎತ್ತು ನಂಗ್ ಕೊಡಿ" ಎಂದ ಮರಿಯಯ್ಯ.

ನಾಗರಾಜು ಮೃದುವಾಗಿಯೇ ಹೇಳಿದ. "ಮರಿಯಣ್ಣ, ಇದು ಎರಡು ದೇಸದ ನಡುವ್ಲ ಮಾತು. ಇದ್ರಲ್ಲಿ ನೀನು ಬಾಯಾಕಂಗಿಲ್ಲ."

"ಲೇ, ನಾನು ಸಾಕಿದ್ದು ಕಣ್ಲಾ ಅವ."

"ಸಾಕಿದ್ದು ನೀನೇ, ಯಾರಿಲ್ಲ ಅಂದ್ರು? ಎಲೆ ಮಡಗಿದ್ದೂ ನೀನೇ ತಾನೆ?"

ಎಲೆ ಇಟ್ಟಿಲ್ಲವೆಂದು ಮರಿಯಯ್ಯ ಸುಳ್ಳು ಹೇಳಬಹುದಿತ್ತು. ಹಾಗೆ ಹೇಳುವವನು ಎಲೆಯನ್ನೇ ಇಡುತ್ತಿರಲಿಲ್ಲ.

ಬೈರ, ಚೆನ್ನರನ್ನು ಶ್ರೀರಂಗಪಟ್ಟಣಕ್ಕೆ ಒಯ್ದು ಕಬ್ಬಿನ ಹಾಲಿನ ಗಾಡಿಯ ಪಕ್ಕ ಕಟ್ಟಲಾಯಿತು. ಕತ್ತಲಾಗುವುದರೊಳಗೆ ಅವು ರಾಯಭಾರ ಕಛೇರಿಯ ಕಬ್ಬನ್ನೆಲ್ಲ ತಿಂದು, ಸಿಪ್ಪೆ ತಿಂದು, ಗಾಡಿಯ ಮೇಲೆ ಹೊದಿಸಿದ್ದ ಗೋಣಿಚೀಲಕ್ಕೂ ಬಾಯಿ ಹಾಕಿದವು. ಮಾರನೆಯ ದಿನ ಬೆಳಗ್ಗೆಯೇ ಮಂಜುನಾಥ ಟೆಂಪೋದಲ್ಲಿ ಹಾಕಿಕೊಂಡು ಬಂದು ಮರಿಯಯ್ಯನ ಕೊಟ್ಟಿಗೆಯ ಮುಂದೆ ಇಳಿಸಿದ. "ನಿನ್ ದಮ್ಮಯ್ಯ, ಮಡಿಕ್ಕಳಣ್ಣ" ಎಂದ. ಹಾಗೆ ಸುಮ್ಮನೆ ಇಟ್ಟುಕೊಳ್ಳಲು ಬರುವುದಿಲ್ಲವಷ್ಟೆ. ಮಹಾಮಂಡಳಿಯು ತುರ್ತುಸಭೆ ಸೇರಿ, ಹೊಸ್ತಿಲಿನಿಂದಾಚೆ ಸದರಿ ಕೊಟ್ಟಿಗೆಯನ್ನು ಫಿನ್ಲೆಂಡ್ ದೇಶವೆಂದು ಘೋಷಿಸಿತು. ಪ್ರಕಟಣೆಯನ್ನು ಕೊಟ್ಟಿಗೆಯ ಕಂಬಕ್ಕೆ ಅಂಟಿಸಲಾಯಿತು:

"ಈ ಹೊಸ್ತಿಲು ದಾಟುವವರು ರಾಯಭಾರಿಯವರ ಅಪ್ಪಣೆ ಪಡೆದಿರತಕ್ಕದ್ದು. ಒಳಗಿನ ಸಗಣಿಯು ವಿದೇಶಿ ಸ್ವತ್ತಾಗಿದ್ದು, ಅಪ್ಪಣೆಯಿಲ್ಲದೆ ತಿಪ್ಪೆಗೆ ಹಾಕುವುದು ಕಳ್ಳಸಾಗಣೆ ಎನಿಸಿಕೊಳ್ಳುತ್ತದೆ. ಎತ್ತುಗಳು ಆಟಕ್ಕಾಗಿ ಬಂದಿರುವುದರಿಂದ ಅವುಗಳಿಂದ ಉಳುಮೆ ಮಾಡಿಸತಕ್ಕದ್ದಲ್ಲ."

ಯಶೋದಮ್ಮ ಮೊದಲ ದಿನ ಪೊರಕೆ ಹಿಡಿದು ಹೊಸ್ತಿಲಲ್ಲಿ ನಿಂತಳು. ಮಂಜುನಾಥ ಫೋನು ಎತ್ತಲಿಲ್ಲ. ಬಿಸಿಲಿನ ಕಾಲ, ಗಿರಾಕಿಗಳ ಗಲಾಟೆ. ಒಳಗೆ ಬೈರ ಅವಳನ್ನು ನೋಡಿ ಅಂಬಾ ಎಂದಿತು. ಅವಳಿಗೆ ಅಳು ಬಂತು. "ಇವ್ರ ಮನೆ ಆಳಾಗ, ಕೊಟ್ಟಿಗೆ ಕಸ ಗುಡ್ಸೋಕೂ ಕೇಳ್ಬೇಕಾ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ದಾಟಲು ಮಾತ್ರ ಅವಳಿಗೂ ಧೈರ್ಯ ಬರಲಿಲ್ಲ; ಹೊರಗೆ ನಿಂತೇ ಹುಲ್ಲು ಎಸೆದಳು. ಊರಿನವರು ನೋಡುತ್ತಿದ್ದರು. ಎಲೆ ಇಟ್ಟು ಕೊಟ್ಟದ್ದಕ್ಕೆ ಕೈ ಹಾಕಿದರು ಎನ್ನುವ ಮಾತು ಬಂದರೆ ಮದುವೆಗೆ ಬಂದ ಮಗಳಿಗೆ ಗಂಡು ಸಿಕ್ಕುವುದುಂಟೆ?

ಹೀಗಿರುವಾಗ ಭರಣಿ ಮಳೆ ಚೆನ್ನಾಗಿ ಹುಯ್ಯಿತು. ಊರಿಗೂರೇ ಹೊಲಕ್ಕಿಳಿಯಿತು. ಮರಿಯಯ್ಯನ ಹೊಲವೊಂದು ಹದ ಬಂದು ಹಾಗೆಯೇ ಬಿದ್ದಿತ್ತು. ಟ್ರಾಕ್ಟರು ಬಾಡಿಗೆಗೆ ಕರೆ ಎಂದರು ಕೆಲವರು. ಅವನು ಕೇಳಲಿಲ್ಲ. ಎತ್ತು ಎದುರಿಗೇ ಮೆಲುಕು ಹಾಕುತ್ತಿರುವಾಗ ಟ್ರಾಕ್ಟರು ಕರೆಸುವುದು ಅವಕ್ಕೆ ಅವಮಾನ ಮಾಡಿದಂತೆ ಎಂದು ಅವನಿಗೆ ಅನಿಸಿತ್ತು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಸೀದಾ ಪಾಂಡವಪುರಕ್ಕೆ ಹೋದ.

"ಸೆಕ್ರೇಟ್ರಿ, ಎತ್ತು ಈ ಕಡೀಕೆ ಬರಂಗಿಲ್ಲ ಅಂದ್ರೆ ನಾನೇ ಆ ಕಡೀಕೆ ಓಯ್ತೀನಿ. ನನ್ನೂ ಆ ದೇಸದೋನ್ನ ಮಾಡ್ಬುಡು."

ನಾಗರಾಜುವಿಗೆ ಕಣ್ಣು ತುಂಬಿ ಬಂತು. ನಾಲ್ಕು ವಿಶ್ವಕಪ್ಪುಗಳ ಇತಿಹಾಸದಲ್ಲಿ ಇಂಥ ಸಹಕಾರವನ್ನು ಅವನು ಕಂಡಿರಲಿಲ್ಲ. ಆಟಗಾರರು ದೇಶ ಬದಲಾಯಿಸುವುದು ಜಗತ್ತಿನಲ್ಲೆಲ್ಲ ನಡೆದಿದೆ, ತಪ್ಪೇನಿಲ್ಲ ಎಂದು ಸಮಾಧಾನವನ್ನೂ ಹೇಳಿದ. ಮುಂದಿನ ಸಂತೆಯ ದಿನ ಮಂಜುನಾಥ ಬಂದು, ಎರಡು ವೀಳ್ಯದೆಲೆ ಇಟ್ಟು, ಮರಿಯಯ್ಯನನ್ನು ಫಿನ್ಲೆಂಡಿಗೆ ಸೇರಿಸಿಕೊಂಡ. ಈ ಸಲ ಎಲೆಯಡಿಕೆಯನ್ನು ಮರಿಯಯ್ಯ ಹಾಕಿಕೊಂಡ.

ಉಳುಮೆಯದೊಂದು ಉಳಿದಿತ್ತು. ಹೊಲ ಭಾರತದಲ್ಲಿದೆ, ಈಗ ಗಂಡನೂ ಎತ್ತೂ ಆಚೆಯವರು. ಅದಕ್ಕೂ ದಾರಿ ಸಿಕ್ಕಿತು. ಮುಯ್ಯಿಗೆ ಮುಯ್ಯಿ ಎಂದು ಎರಡು ದೇಶಗಳ ನಡುವೆ ಒಪ್ಪಂದವಾಯಿತು. ಫಿನ್ಲೆಂಡ್ ಹೊಲ ಉತ್ತುಕೊಡುವುದು. ಅದಕ್ಕೆ ಬದಲಾಗಿ ಭಾರತ, ಅಂದರೆ ಯಶೋದಮ್ಮ, ಹುಲ್ಲು, ಹಿಂಡಿ ಮತ್ತು ಎರಡು ಹೊತ್ತಿನ ಮುದ್ದೆಯನ್ನು ಹೊಸ್ತಿಲ ಬಳಿಗೆ ತಲುಪಿಸುವುದು. ಮಲಗುವುದು ಅವರವರ ದೇಶದಲ್ಲಿ.

"ಎಲ್ಲಾರ ಇರು, ಮುದ್ದೆ ಆರೋಗೋಕೆ ಮುಂಚೆ ಬಾ" ಎಂದಳು ಯಶೋದಮ್ಮ. ಹಾಗೆಂದವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಗ್ರಾಮಸಭೆಯಲ್ಲಿ ಮರಿಯಯ್ಯ ಕೈ ಎತ್ತಿದರೆ ಈಗ ಎಣಿಸುವುದಿಲ್ಲ. ಅವನೂ ಎತ್ತುವುದಿಲ್ಲ. ಊರಿನವರು ಅವನನ್ನು ಮೊದಲಿಗಿಂತ ಮರ್ಯಾದೆಯಿಂದ ಮಾತಾಡಿಸುತ್ತಾರೆ. ಪರದೇಶದವನು, ಏನೆಂದುಕೊಂಡಾನೋ ಎಂಬ ಸಂಕೋಚ.

ಮೊನ್ನೆ ಮಟಮಟ ಮಧ್ಯಾಹ್ನ ಹೊಲ ಉತ್ತು ಬಂದ ಮರಿಯಯ್ಯ ಎತ್ತುಗಳನ್ನು ಕಟ್ಟಿ ಕೊಟ್ಟಿಗೆಯ ಒಳಗೆ ಹೊಸ್ತಿಲ ಬಳಿಯ ಕಂಬಕ್ಕೆ ಒರಗಿ ಕೂತಿದ್ದ. ಮೈಯೆಲ್ಲ ಬೆವರು ಇಳಿಯುತ್ತಿತ್ತು. ಪಕ್ಕದ ಮನೆಯ ಚಲುವಯ್ಯ ಕೊಡೆ ಹಿಡಿದು ಬೀದಿಯಲ್ಲಿ ಹೋಗುತ್ತಿದ್ದವನು ನಿಂತು ವಿಚಾರಿಸಿದ.

"ಮರಿಯಣ್ಣ, ನಿಮ್ ಕಡೆ ಈಗ ಚಳಿ ಎಂಗೈತಣ್ಣ?"

ಮರಿಯಯ್ಯ ಹಿಂದಕ್ಕೆ ತಿರುಗಿ ಬೈರ, ಚೆನ್ನರನ್ನು ನೋಡಿದ. ಗೂಟದ ಮೇಲಿದ್ದ ಕಂಬಳಿಯನ್ನು ಎಳೆದು ತಲೆಯ ಮೇಲಿಂದ ಹೊದ್ದುಕೊಂಡ.

"ಈ ವರ್ಸ ವಸಿ ಜಾಸ್ತೀನೇ ಕಣ್ಲಾ."

"ಉಸಾರು ಕಣಣ್ಣ" ಎಂದು ಚಲುವಯ್ಯ ಕೊಡೆಯನ್ನು ಸರಿಮಾಡಿಕೊಂಡು ಮುಂದಕ್ಕೆ ಹೋದ.